ಹುಳದ ಮನೆಯಲ್ಲಿ ರೆಕಾರ್ಡಿಂಗ್

ಕುದೂರಿನಲ್ಲಿ ನಮ್ಮ ಪಕ್ಕದ ಮನೆಯ ಯಜಮಾನರು ಸುಟ್ಟುಹೋದ ಪಂಪ್‌ಸೆಟ್ ಮೋಟಾರುಗಳಿಗೆ ತಂತಿ ಸುತ್ತುತ್ತಿದ್ದರು. ಗಿಟಾರ್ ಮುಟ್ಟುವ ಮೊದಲು ಬೆರಳುಗಳನ್ನು ಲುಂಗಿಗೆ ಎರಡು ಸಲ ಒರೆಸಿಕೊಳ್ಳುವರು. ತಾವೇ ಕಟ್ಟಿದ ರಾಕ್ ಹಾಡೊಂದನ್ನು ಹಳೆಯ ಕಂಪ್ಯೂಟರಿನಲ್ಲಿ ರೆಕಾರ್ಡ್ ಮಾಡಲು ಕಲಿಯುತ್ತಿದ್ದರು. ಪ್ರತಿ ಸಲ ಕೇಳಿನೋಡಿ, "ಒಸಿ ತಾಳಿ, ಇನ್ನೊಂದು ಕಿತ" ಅನ್ನುವರು.

ಕೋಣೆಯಲ್ಲಿ ದನಿ ಮಾರ್ದನಿಸುತ್ತಿತ್ತು. ಅದಕ್ಕೆ ರೇಷ್ಮೆಹುಳು ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗಳನ್ನು ಗೋಡೆಗೆ ಒರಗಿಸಿ, ಮೇಲೆ ಕೌದಿ ಹೊದಿಸಿದ್ದರು. ಗಿಟಾರು, ಡ್ರಮ್ಮು ಎಲ್ಲ ಮುಗಿದು, ಅವರು ಹಾಡುವುದೊಂದು ಬಾಕಿಯಿತ್ತು.

ಅವತ್ತು ನಾನು ಮಜ್ಜಿಗೆ ಕೊಡಲು ಹೋದಾಗ, ಹಿತ್ತಲಿನ ಹುಳದ ಮನೆಯಲ್ಲಿ ರೇಷ್ಮೆಹುಳು ಸಾಕುತ್ತಿದ್ದ ಅವರ ಹೆಂಡತಿ ಬಾಗಿಲಲ್ಲಿ ನಿಂತಿದ್ದರು.

"ಹುಳ ಹಣ್ಣಾಗವೆ, ಗೂಡು ಕಟ್ಟಕ್ಕೆ ನಿಂತವೆ. ಚಂದ್ರಿಕೆ ಕೊಡಿ."

"ನಾಳೆ ಅಂತ ನೀನೇ ಅಂದಿದ್ದೆ ಕಣೆ. ಒಸಿ ತಾಳು."

"ನಾನು ತಾಳ್ತೀನಿ. ಹುಳ ತಾಳ್ತವಾ? ಸೊಪ್ಪಿನ ಮೇಲೇ ನೂಲು ಬುಡ್ತವೆ."

ಗಂಡ ಕೌದಿ ತೆಗೆದು ಮಡಿಸಿದರು. ನಾನೂ ಒಂದು ತುದಿ ಹಿಡಿದೆ. ಸಂಜೆಯೊಳಗೆ ಹುಳುಗಳೆಲ್ಲ ಚಂದ್ರಿಕೆ ಸೇರಿದವು. ಅವರು ಬೋಳು ಕೋಣೆಯಲ್ಲಿ ಒಮ್ಮೆ ಹಾಡಿ, ಅರ್ಧಕ್ಕೇ ನಿಲ್ಲಿಸಿ, ಮೈಕಿನ ವೈರು ಸುತ್ತಿಡತೊಡಗಿದರು.

ಹೆಂಡತಿಯೇ ಅಂದರು: "ಹುಳದ ಮನೆಗೇ ಮೈಕ್ ತನ್ನಿ, ಚಂದ್ರಿಕೆ ಎಲ್ಲ ಅಲ್ಲೇ ಅವಲ್ಲ. ಕಾಲು ತೊಳ್ಕಂಡು ಬನ್ನಿ. ಕಿರುಚಂಗಿಲ್ಲ, ಹುಳ ಬೆದರ್ತವೆ."

"ಕಿರುಚದೆ ಇನ್ನೆಂಥ ರಾಕು?"

"ಅದು ನಿಮ್ಮ ಕಷ್ಟ."

ಚಂದ್ರಿಕೆಗಳ ನಡುವೆ ನಿಂತು, ಮಲಗಿದ ಕೂಸಿನ ಪಕ್ಕ ಮಾತಾಡುವ ಹಾಗೆ ಹಾಡಿದರು. ಆಮೇಲೆ ಹೆಡ್‌ಫೋನನ್ನು ಹೆಂಡತಿಯ ಕಿವಿಗಿಟ್ಟರು. ಆಕೆ ಕೊನೆಯವರೆಗೂ ಕೇಳಿದರು.

"ಈ ಹಾಡ್ನಾಗೆ ಇಷ್ಟೊಂದು ಮಾತೈತೆ ಅಂತಲೇ ಗೊತ್ತಿರ್ನಿಲ್ಲ."

ಅವರು ಇನ್ನೊಂದು ಕಿತ ಅನ್ನದೆ ಆ ರೆಕಾರ್ಡಿಂಗನ್ನೇ ಉಳಿಸಿಕೊಂಡರು.