ಅಜ್ಜಿಯ ಪಿಯಾಸ್ತ್ರದ ತೂತು

ನನ್ನ ತಮ್ಮ ಕಟೆಲ್ಲೊ ಕೆಟ್ಟವನಲ್ಲ. ಹಾಗೆ ಹೇಳುವಾಗಲೂ ನನಗೆ ಮೈ ಉರಿಯುತ್ತದೆ. ಕಸ್ತೆಲ್ಲಮ್ಮಾರೆಯ ಹಡಗುಕಟ್ಟೆಯಲ್ಲಿ ಮೂವತ್ತೈದು ವರ್ಷ ವೆಲ್ಡಿಂಗ್ ಮಾಡಿದ. ಮದುವೆಯಾಗಲಿಲ್ಲ, ನೇಪಲ್ಸ್ ರಾಜರ ಕಾಲದ ಪಿಯಾಸ್ತ್ರ ಎಂಬ ಬೆಳ್ಳಿ ನಾಣ್ಯಗಳನ್ನೇ ಕಟ್ಟಿಕೊಂಡ. ಆ ರಾಜ್ಯ ಮುಳುಗಿ ನೂರೈವತ್ತು ವರ್ಷ ದಾಟಿದೆ. ಇವನ ಮನೆಯಲ್ಲಿ ಮಾತ್ರ ರಾಜರೆಲ್ಲ ಮಖಮಲ್ಲಿನ ಮೇಲೆ ಹಾಯಾಗಿ ಮಲಗಿದ್ದಾರೆ. ಇವನು ಭೂತಗನ್ನಡಿ ಹಿಡಿದು ಕೂತರೆ ನಾನು ಕಳಿಸಿದ ಪಾಸ್ತಾ ಒಣಗಿ ಹಗ್ಗವಾದರೂ ಎಚ್ಚರವಿರುವುದಿಲ್ಲ. ತೂತು ಬಿದ್ದ ನಾಣ್ಯ ಕಂಡರಂತೂ ಆಗದು. "ಅದು ಹೆಣ ಕಣಕ್ಕ" ಎನ್ನುತ್ತಾನೆ.

ನಮ್ಮಜ್ಜಿಯ ಪಿಯಾಸ್ತ್ರಕ್ಕೆ ತೂತಿತ್ತು. ಅಮ್ಮ ಹುಟ್ಟಿದ ದಿನ ತಾತ ಮೊಳೆ ಹೊಡೆದು ಮಾಡಿದ್ದು. ದೃಷ್ಟಿ ತಾಗದಿರಲೆಂದು ಕೆಂಪು ದಾರ ಪೋಣಿಸಿ ಅಮ್ಮನ ಕೊರಳಿಗೆ ಕಟ್ಟಿದರು. ಆಮೇಲೆ ನನಗೆ, ಇವನಿಗೆ, ನನ್ನ ಮಕ್ಕಳಿಗೆ. ಅದಿಲ್ಲದೆ ನಮ್ಮ ಮನೆಯ ಯಾವ ಕೂಸೂ ದೀಕ್ಷಾಸ್ನಾನಕ್ಕೆ ಚರ್ಚಿನ ಮೆಟ್ಟಿಲು ಹತ್ತಿಲ್ಲ. ಈ ಭಾನುವಾರ ಮೊಮ್ಮಗಳು ನೊಯೆಮಿಯ ಸರದಿಯಿತ್ತು.

"ಒಂದಿನ ಕೊಡಕ್ಕ, ತೂಕ ನೋಡಿ ತರ್ತೀನಿ" ಅಂದ ಕಟೆಲ್ಲೊ. ನನ್ನ ಬುದ್ಧಿಗೆ ಮಂಕು ಕವಿದಿತ್ತು, ಕೊಟ್ಟೆ. ಶುಕ್ರವಾರ ನಗುನಗುತ್ತ ತಂದು ಅಂಗೈಗಿಟ್ಟ. ತೂತೇ ಇಲ್ಲ! ಅಕ್ಕಸಾಲಿಗನಿಂದ ಬೆಳ್ಳಿ ತುಂಬಿಸಿ, ಉಜ್ಜಿಸಿ, ತೂತಿನಲ್ಲಿ ಹೋಗಿದ್ದ ರಾಜನ ಕೂದಲನ್ನೂ ಕೆತ್ತಿಸಿದ್ದ.

"ನೋಡಕ್ಕ, ಗೊತ್ತೇ ಆಗಲ್ಲ! ಈಗ ನಾಣ್ಯ ಅಂದ್ರೆ ನಾಣ್ಯ."

"ನಿನ್ ಕೈ ಸೇದೋಗ! ಯಾರನ್ನ ಕೇಳಿ ಮುಚ್ಚಿಸ್ದೆ?"

"ಬೈಬೇಡಕ್ಕ. ಅದೇ ಜಾಗದಲ್ಲಿ ಕೊರೆದ್ರಾಯ್ತು, ಡ್ರಿಲ್ಲಿದೆಯಲ್ಲ."

"ತಾತ ಹೊಡೆದ ತೂತು ನಿನ್ನ ಡ್ರಿಲ್ಲಿಂದ ಬರುತ್ತೇನೋ? ಕೊರೀಬೇಕಾ? ನಿನ್ನ ಪೆಟ್ಟಿಗೇಲಿ ನಿಂಗೆ ಜೀವಕ್ಕಿಂತ ಹೆಚ್ಚಾಗಿರೋದು ಯಾವ್ದಿದೆಯೋ, ಅದನ್ನ ಕೊರಿ!"

ಅವನ ಮುಖ ಬಿಳಿಚಿಕೊಂಡಿತು. ಬಾಗಿಲು ದಾಟಿ ಹೋದ.

ಭಾನುವಾರ ಚರ್ಚಿನ ಬಾಗಿಲಲ್ಲಿ ನಿಂತಿದ್ದ. ಕೈಯಲ್ಲಿ ಕೆಂಪು ದಾರ, ದಾರದಲ್ಲಿ ಕೊನೆಯ ರಾಜನ ಪಿಯಾಸ್ತ್ರ. ಒಂದೇ ವರ್ಷ ಅಚ್ಚಾದದ್ದು, ಹನ್ನೊಂದು ವರ್ಷ ಅಲೆದು ಸಂಪಾದಿಸಿದ್ದು, ಒಂದು ಗೀರೂ ಇಲ್ಲದ್ದು. ಈಗ ರಾಜನ ತಲೆಯ ಮೇಲೆ ಹಸಿ ತೂತು. ಅದನ್ನು ಕೂಸಿನ ಕೊರಳಿಗೆ ಕಟ್ಟಿದ. ಕೂಸು ರಾಜನನ್ನು ಬಾಯಿಗಿಟ್ಟು ಚೀಪಿತು.

"ಸರಿಹೋಯ್ತಾ ಅಕ್ಕ?"

ಸರಿಹೋಗಿರಲಿಲ್ಲ. ಅಮ್ಮನ ಎದೆಯ ಮೇಲಿದ್ದದ್ದು ಅದಲ್ಲ. ಸುಳ್ಳು ಹೇಳಲು ನನಗೆ ಬಾಯಿ ಬರಲಿಲ್ಲ.

"ಇಲ್ಲ ಕಣೋ. ಆದ್ರೆ ಕಳ್ಕೊಳ್ಳೋದು ಅಂದ್ರೇನು ಅಂತ ಈಗ ನಿಂಗೂ ಗೊತ್ತಾಯ್ತಲ್ಲ. ಒಳಗೆ ನಡಿ, ಪಾದ್ರಿ ಕಾಯ್ತಿದ್ದಾರೆ."