ಸದ್ದಿರುವ ಚಕ್ರ

ಪ್ರತಿ ಶನಿವಾರ ಬೆಳಿಗ್ಗೆ ಹತ್ತಕ್ಕೆ ನಿವೃತ್ತ ಪೋಸ್ಟ್‌ಮಾಸ್ತರರು ಚಕ್ರದಂಗಡಿಯಲ್ಲಿ ಹಾಜರು. ಹೊಸ ಎಲೆಕ್ಟ್ರಿಕ್ ಕಾರಿಗೆ ಕಂಪನಿ ಕೊಟ್ಟ ಚಕ್ರ ತೆಗೆಸಿ ಬೇರೆ ಹಾಕಿಸಬೇಕೆಂಬುದು ಅವರ ಹಟ. ಚಕ್ರಗಳ ಅಂದಚಂದ ಅವರಿಗೆ ಬೇಕಿಲ್ಲ. ಕಲ್ಲಂಗಡಿ ಆರಿಸುವವರಂತೆ ಒಂದೊಂದನ್ನೂ ಕುಟ್ಟಿ ಕಿವಿಗೊಡುತ್ತಾರೆ, ಅಂಗಡಿಯ ಉದ್ದಕ್ಕೂ ಉರುಳಿಸಿ ನೋಡುತ್ತಾರೆ, ಕೊನೆಗೆ "ಇನ್ನೊಂದು ವಾರ ಯೋಚಿಸ್ತೀನಪ್ಪ" ಎಂದು ಹೊರಡುತ್ತಾರೆ. ನಡುವೆ ಹಳೆಯ ಕಾರಿನ ಪುರಾಣ ಇದ್ದೇ ಇರುತ್ತದೆ: ಇಪ್ಪತ್ತಾರು ವರ್ಷ ಅದರ ಸೈಲೆನ್ಸರ್ ಕೆಮ್ಮಿ ಕೆಮ್ಮಿ ಬೀದಿಯ ನಾಯಿಗಳಿಗೆಲ್ಲ ಅವರು ಆಫೀಸು ಬಿಡುವ ಹೊತ್ತು ಬಾಯಿಪಾಠವಾಗಿತ್ತಂತೆ! ಹನ್ನೊಂದನೆಯ ಶನಿವಾರ ಅಂಗಡಿಯವನ ತಾಳ್ಮೆ ಕೆಟ್ಟಿತು. "ಸಾರ್, ಈ ಹಗುರದ್ದು ತಗೊಂಡ್ಬಿಡಿ. ಸದ್ದು ಅನ್ನೋದೇ ಇರಲ್ಲ." ಪೋಸ್ಟ್‌ಮಾಸ್ತರರು ಕನ್ನಡಕ ತೆಗೆದು ಒರೆಸಿದರು. "ಸದ್ದು ಮಾಡೋದೇ ಬೇಕಿತ್ತಪ್ಪ. ನಮ್ಮನೆಯವಳಿಗೆ ಕಣ್ಣು ಹೋಗಿ ಎಂಟು ವರ್ಷ. ಹಳೇ ಕಾರು ತಿರುವಿಗೆ ಬರ್ತಿದ್ದ ಹಾಗೇ ಗೋಡೆ ಹಿಡ್ಕೊಂಡು ಬಂದು ಬಾಗಿಲು ತೆಗೀತಿದ್ಲು. ಈಗ ನಾನೇ ಬೀಗ ತೆಗೆದು ಒಳಗೆ ಹೋದ್ರೆ, ಯಾರದು ಅಂತ ಬೆಚ್ಚಿಬೀಳ್ತಾಳೆ." ಅಂಗಡಿಯವನು ಸರಸರನೆ ಒಳಗೆ ಹೋದ. ಗದ್ದಲ ಮಾಡುತ್ತವೆಂದು ಗಿರಾಕಿಗಳೆಲ್ಲ ಹಿಂದಿರುಗಿಸಿದ್ದ ಅಗಲ ಟೈರಿನ ನಾಲ್ಕು ಚಕ್ರಗಳನ್ನು ಒಳಗಿನಿಂದ ಹೊತ್ತು ತಂದ. "ಇವು ಭರ್ರೋ ಅಂತ ಬೀದಿಗೆಲ್ಲ ಕೇಳಿಸ್ತವೆ ಸಾರ್. ಆದ್ರೆ ಭಾರ ಜಾಸ್ತಿ, ಒಂದು ಚಾರ್ಜಿಗೆ ಅಷ್ಟು ದೂರ ಹೋಗಲ್ಲ." ಪೋಸ್ಟ್‌ಮಾಸ್ತರರ ಮುಖ ಅರಳಿತು. "ದೂರ ಹೋಗೋರು ಯಾರಪ್ಪ? ನಾನು ಮನೆಗೆ ಬರೋನು."