ಅಳತೆ ಸರ್ ಅವರ ಕಿರುಬೆರಳು

ತರಬೇತಿಯಲ್ಲಿದ್ದ ವಿಜ್ಞಾನದ ಮೇಷ್ಟ್ರಿಗೆ ಒಂಬತ್ತನೆಯ ತರಗತಿಯ ಮಕ್ಕಳು ಮೊದಲ ವಾರದಲ್ಲೇ ‘ಅಳತೆ ಸರ್’ ಎಂದು ಹೆಸರಿಟ್ಟಿದ್ದರು. ಅವನಿಗೆ ಬೇಸರವಾಗಲಿಲ್ಲ. ಚಹಾ ಕುದಿಸುವಾಗಲೂ ಗಡಿಯಾರ ನೋಡುವ ಆಸಾಮಿಗೆ ಬೇರೆ ಯಾವ ಹೆಸರು ಒಪ್ಪೀತು?

ತರಬೇತಿ ಮುಗಿಯಬೇಕಾದರೆ ತರಗತಿಯಲ್ಲೇ ಒಂದು ಸಂಶೋಧನೆ ನಡೆಸಿ ವರದಿ ಒಪ್ಪಿಸಬೇಕಿತ್ತು. ಹೋದ ವರ್ಷದ ವರದಿ ‘ಹುರುಳಿಲ್ಲ’ ಎಂಬ ಷರಾ ಹೊತ್ತು ವಾಪಸಾಗಿತ್ತು. ಈ ಸಲವೂ ಹಾಗಾದರೆ ಮೇಷ್ಟ್ರಗಿರಿಗೆ ಕೈಮುಗಿಯುವುದೇ. ಅವನು ಹಿಡಿದ ವಿಷಯ ಇದು: ಪ್ರಶ್ನೆ ಕೇಳಿದ ಮೇಲೆ ಮೇಷ್ಟ್ರು ಐದು ಸೆಕೆಂಡು ಸುಮ್ಮನಿದ್ದರೆ ಹೆಚ್ಚು ಮಕ್ಕಳು ಕೈ ಎತ್ತುತ್ತಾರೆಯೇ? ಸುಮ್ಮನಿರುವುದು ಅವನ ಜಾಯಮಾನವಲ್ಲ. ಅದಕ್ಕೇ ಬಲಗೈ ಬೆರಳುಗಳನ್ನು ಹೆಬ್ಬೆರಳಿನಿಂದ ಹಿಡಿದು ಒಂದೊಂದಾಗಿ ಮಡಿಸುತ್ತ, ಯಾರಿಗೂ ಕಾಣುವುದಿಲ್ಲವೆಂಬ ಭರವಸೆಯಲ್ಲಿ, ಸೆಕೆಂಡು ಎಣಿಸುತ್ತಿದ್ದ.

ಮೊದಲ ದಿನ ಎದ್ದದ್ದು ಆರು ಕೈ. ಮೂರನೆಯ ವಾರಕ್ಕೆ ಮೂವತ್ನಾಲ್ಕರಲ್ಲಿ ಮೂವತ್ತೊಂದು! ಆ ಲೆಕ್ಕದ ನಕ್ಷೆಯನ್ನು ಅಕ್ಕನ ಮುಂದೆ ಹಿಡಿದು ಬೀಗಿದ.

“ಇಷ್ಟು ಚೆನ್ನಾಗಿ ಬಂದಿದೆ ಅಂದ್ರೆ ಎಲ್ಲೋ ಎಡವಟ್ಟಾಗಿದೆ ಕಣೋ,” ಅಂದಳು ಅಕ್ಕ. “ಮಾಡಿರೋದು ನೀನಲ್ವಾ!”

ಸಂಶೋಧನೆಯ ಕೊನೆಯ ದಿನ ಬಾಗಿಲ ಸಂದಿಗೆ ಸಿಕ್ಕ ಬಲಗೈಗೆ ಬ್ಯಾಂಡೇಜು ಬಿತ್ತು. ಹಾಗೇ ತರಗತಿಗೆ ಹೋಗಿ ಪ್ರಶ್ನೆ ಕೇಳಿದ. ಐದು ಸೆಕೆಂಡಾಯಿತು, ಹತ್ತಾಯಿತು. ಒಂದು ಕೈಯೂ ಏಳಲಿಲ್ಲ.

“ಸರ್, ಇವತ್ತು ಬೆರಳು ಮಡಿಸಲ್ವಾ?” ಮುಂದಿನ ಬೆಂಚಿನ ಹುಡುಗಿ ಕೇಳಿದಳು.

“ಯಾವ ಬೆರಳು?”

“ಕಿರುಬೆರಳು ಸರ್. ಅದು ಮಡಿಸಿದ ತಕ್ಷಣ ಅಲ್ವಾ ನಾವು ಕೈ ಎತ್ತೋದು?”

“ಉತ್ತರ ಗೊತ್ತಿಲ್ದಿದ್ರೂನಾ?”

“ನೀವು ಉತ್ತರ ಎಲ್ಲಿ ಕೇಳ್ತೀರಿ ಸರ್? ಕೈ ಎಣಿಸಿ ಬರ್ಕೊಂಡು, ಉತ್ತರ ನೀವೇ ಹೇಳ್ಬಿಡ್ತೀರಿ. ಪಾಪ, ನೀವೂ ಪಾಸಾಗ್ಬೇಕಲ್ಲ!”

ಇಡೀ ತರಗತಿ ಗೊಳ್ಳೆಂದಿತು. ಅವನೂ ನಕ್ಕ. ಅಳುವುದಕ್ಕೆ ಪುರುಸೊತ್ತಿರಲಿಲ್ಲ; ವರದಿ ಮರುದಿನವೇ ಕೊಡಬೇಕಿತ್ತು.

ನಕ್ಷೆಯನ್ನು ಹಾಗೇ ಉಳಿಸಿ, ಎಡಗೈಯಲ್ಲಿ, ಕಾಗೆ ಕಾಲಿನಂಥ ಅಕ್ಷರದಲ್ಲಿ ಕೆಳಗೆ ಬರೆದ: ‘ಇದು ಮಕ್ಕಳ ಕಲಿಕೆಯ ಅಳತೆಯಲ್ಲ. ಮೇಷ್ಟ್ರ ಮೇಲೆ ಮಕ್ಕಳಿಗಿರುವ ಕನಿಕರದ ಅಳತೆ.’

ತರಬೇತಿಯ ಮಾರ್ಗದರ್ಶಕಿ ಮೇಡಂ ಓದಿ ಕನ್ನಡಕ ತೆಗೆದರು. “ಇಪ್ಪತ್ತು ವರ್ಷದಿಂದ ಇಂಥ ವರದಿ ಓದ್ತಿದೀನಪ್ಪ. ತಪ್ಪಾಯ್ತು ಅಂದೋನು ನೀನೊಬ್ಬನೇ.” ಸಹಿ ಹಾಕಿದರು. “ಇನ್ಮೇಲೆ ಕೈ ಜೇಬಲ್ಲಿಟ್ಕೊ. ಉತ್ತರಾನೂ ಕೇಳು.”

ಮಾರನೆಯ ದಿನ ಹಾಗೇ ಮಾಡಿದ. ಎದ್ದದ್ದು ನಾಲ್ಕು ಕೈ, ಅದರಲ್ಲಿ ಎರಡು ಉತ್ತರ ತಪ್ಪು. ಅವನಿಗೆ ಹೊಸ ನಕ್ಷೆ ಶುರುಮಾಡುವ ಆಸೆಯಾಯಿತು.